ಹಲ್ಲಿನ ಮೇಲಿನ ಜಾರು ಪೊರೆ: ಉಗುಳಿನ ಕೆಲಸಕ್ಕೆ ಅಡ್ಡ ಬರದಿರುವುದು ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ಒಂದು ಚಮಚ ಜೇನು. ಲೋಟ ಕೆಳಗಿಟ್ಟ ತಕ್ಷಣ ಬ್ರಷ್. ಎರಡು ವರ್ಷ ಹೀಗೇ ನಡೆಯಿತು. ತೂಕ ಅರ್ಧ ಕೆಜಿಯೂ ಇಳಿಯಲಿಲ್ಲ, ಆದರೆ ಮಜ್ಜಿಗೆ ಕುಡಿದರೂ ಮುಂದಿನ ಹಲ್ಲು ಜುಮ್ಮೆನ್ನತೊಡಗಿತು. ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ಅಂಚು ಗಾಜಿನ ಹಾಗೆ ತೆಳುವಾಗಿತ್ತು. ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟವಳು ನಾನು. ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೇ ಇಲ್ಲವಾಗುತ್ತವೆ, ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದವಳೂ ನಾನೇ. ನಾಚಿಕೆಯಾಯಿತು.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಹಲ್ಲುಜ್ಜಿ, ಬಾಯಿ ಮುಕ್ಕಳಿಸಿ, ಮುಂದಿನ ಹಲ್ಲಿನ ಮೇಲೆ ನಾಲಿಗೆ ಆಡಿಸಿ. ಆಗಷ್ಟೇ ಬೆಳಗಿದ ಸ್ಟೀಲ್ ಲೋಟದ ಮೇಲೆ ಬೆರಳು ಎಳೆದ ಹಾಗೆ ನಾಲಿಗೆ ತಡೆಯುತ್ತೆ. ಏನೂ ತಿನ್ನದೆ ಒಂದು ಗಂಟೆ ಬಿಟ್ಟು ಮತ್ತೆ ನೋಡಿ. ನುಣ್ಣಗೆ ಜಾರುತ್ತೆ ಅಲ್ವಾ? ಅದು ಕೊಳೆ ಅಲ್ಲ. ಉಗುಳಿನ ಪ್ರೋಟೀನುಗಳು ನಿಮಿಷಗಳೊಳಗೆ ಎನಾಮೆಲ್‌ಗೆ ಅಂಟಿಕೊಂಡು ಹೆಣೆಯುವ ಪೊರೆ. ದಪ್ಪ ಸುಮಾರಾಗಿ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ. ಇದರ ಮೇಲೆ ದಿನವಿಡೀ ಬ್ಯಾಕ್ಟೀರಿಯಾ ಬೆಳೆಯಲು ಬಿಟ್ಟರೆ ಪಾಚಿ ಕಟ್ಟುತ್ತೆ, ಆ ಮಾತು ಬೇರೆ.

ಈ ಪೊರೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಸ್ಟ್ಯಾಥರಿನ್. ಬರೀ 43 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ಉಗುಳಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಎಷ್ಟು ತುಂಬಿರುತ್ತವೆ ಅಂದರೆ, ಗಡಸು ನೀರಿನ ಗೀಸರಿನಲ್ಲಿ ಸುಣ್ಣ ಕಟ್ಟಿದ ಹಾಗೆ ಬಾಯೊಳಗೂ ಕಟ್ಟಬೇಕಿತ್ತು. ಸ್ಟ್ಯಾಥರಿನ್ ಅದನ್ನು ತಡೆಯುತ್ತೆ. ಹಾಗಾಗಿ ಖನಿಜ ಕರಗಿದ ರೂಪದಲ್ಲೇ ಹಲ್ಲಿನ ಪಕ್ಕದಲ್ಲಿ ಕಾದಿರುತ್ತೆ. ಹುಳಿಗೆ ಎನಾಮೆಲ್ ಸ್ವಲ್ಪ ಮೆತ್ತಗಾದರೆ ಅಲ್ಲಿಂದಲೇ ರಿಪೇರಿ. ಪೊರೆಯಲ್ಲಿರುವ ಮ್ಯೂಸಿನ್ ಎಂಬ ಲೋಳೆ ಪ್ರೋಟೀನ್ ಹಲ್ಲಿಗೆ ಹಲ್ಲು ಉಜ್ಜುವಾಗ ಎಣ್ಣೆ ಬಿಟ್ಟ ಹಾಗೆ ಕೆಲಸ ಮಾಡುತ್ತೆ.

ಪ್ರೋಲಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವ ಪ್ರೋಟೀನುಗಳು ಇನ್ನೊಂದು ಗುಂಪು. ಇವನ್ನು ನೀವು ಗುರುತಿಸಬಲ್ಲಿರಿ. ನಾಲ್ಕು ನೇರಳೆ ಹಣ್ಣು ತಿನ್ನಿ. ನಾಲಿಗೆ ಒಗರಾಗಿ ಒರಟಾಗುತ್ತೆ. ಹಣ್ಣಿನ ಟ್ಯಾನಿನ್ ಈ ಪ್ರೋಟೀನುಗಳನ್ನು ಹಿಡಿದು ಗಂಟು ಕಟ್ಟಿಸುತ್ತೆ, ಜಾರುವ ಗುಣ ಹೋಗುತ್ತೆ. ಟೀ ಕುಡಿಯುವವರ ಹಲ್ಲಿಗೆ ಕಂದು ಬಣ್ಣ ಹಿಡಿಯುವುದೂ ಈ ಪೊರೆಗೇ. ಆ ಕಲೆ ತೆಗೆಯಲು ಇದ್ದಿಲು, ಉಪ್ಪು ಹಾಕಿ ಉಜ್ಜಬೇಡಿ. ಪೊರೆ ಬೇಕಾದರೆ ಮತ್ತೆ ಬರುತ್ತೆ, ಎನಾಮೆಲ್ ಬರುವುದಿಲ್ಲ.

ಇನ್ನು ಮಾಡಬೇಕಾದ್ದು. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಇಳಿದರೆ ಎನಾಮೆಲ್ ಕರಗತೊಡಗುತ್ತೆ. ನಿಂಬೆರಸದ ಪಿಎಚ್ ಎರಡರ ಆಸುಪಾಸು. ಅಷ್ಟು ಹುಳಿಯನ್ನು ಪೊರೆ ಪೂರ್ತಿ ತಡೆಯಲಾರದು, ನಿಧಾನಿಸಬಲ್ಲದು ಅಷ್ಟೆ. ಹುಳಿ ಕುಡಿದ ಮೇಲೆ ಬರೀ ನೀರಲ್ಲಿ ಮುಕ್ಕಳಿಸಿ. ಎನಾಮೆಲ್ ಮೆತ್ತಗಿರುವಾಗ ಉಜ್ಜಿದರೆ ಸವೆಯುತ್ತೆ, ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬೇಡಿ. ನಾನೀಗ ನಿಂಬೆ ಪಾನಕವನ್ನು ಊಟದ ಜೊತೆ ಕುಡಿಯುತ್ತೇನೆ. ಅಗಿಯುವಾಗ ಉಗುಳು ಜಾಸ್ತಿ ಹರಿಯುತ್ತೆ, ಆಮ್ಲ ತಗ್ಗಿಸುವ ಬೈಕಾರ್ಬನೇಟ್ ಕೂಡ ಅದರಲ್ಲಿ ಜಾಸ್ತಿ.

ಸಕ್ಕರೆ ಹಾಕಿದ ಟೀಯನ್ನು ಗಂಟೆಗಟ್ಟಲೆ ಹೀರುತ್ತಾ ಕೂರಬೇಡಿ. ಸಿಹಿ ಬಿದ್ದ ಕೆಲವೇ ನಿಮಿಷಕ್ಕೆ ಹಲ್ಲಿನ ಪಾಚಿಯಲ್ಲಿ ಪಿಎಚ್ ಇಳಿಯುತ್ತೆ. ಅದು ಮೊದಲಿನ ಮಟ್ಟಕ್ಕೆ ಬರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗುಟುಕು ಗುಟುಕಿಗೂ ಲೆಕ್ಕ ಮತ್ತೆ ಮೊದಲಿಂದ. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಇದನ್ನೇ.

ರಾತ್ರಿ ನಿದ್ದೆಯಲ್ಲಿ ಉಗುಳು ಹೆಚ್ಚುಕಡಿಮೆ ನಿಂತೇ ಹೋಗುತ್ತೆ. ಹಾಗಾಗಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ ನೊರೆ ಉಗಿಯಿರಿ, ಆಮೇಲೆ ನೀರು ಹಾಕಿ ಪದೇ ಪದೇ ಮುಕ್ಕಳಿಸಬೇಡಿ. ಸಕ್ಕರೆ ಹಾಲು ಕುಡಿಯುವುದಿದ್ದರೆ ಹಲ್ಲುಜ್ಜುವ ಮುಂಚೆಯೇ ಕುಡಿದುಬಿಡಿ.

ಬಾಯಿ ಸದಾ ಒಣಗುತ್ತಿದ್ದರೆ ಅಳೆದು ನೋಡಿ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆ ಕಪ್ ಸಾಕು. ಒಂದು ಗಂಟೆ ಏನೂ ತಿನ್ನದೆ, ತಲೆ ತಗ್ಗಿಸಿ ಸುಮ್ನೆ ಕೂತು, ಐದು ನಿಮಿಷ ಜೊಲ್ಲು ತಾನಾಗಿ ಅದರೊಳಗೆ ಇಳಿಯಲಿ. ನೊರೆ ಆರಿದ ಮೇಲೆ ಒಂದೂವರೆಯಿಂದ ಎರಡು ಮಿಲಿ ಇದ್ದರೆ ಚಿಂತೆಯಿಲ್ಲ. ಅರ್ಧ ಮಿಲಿಗಿಂತ ಕಡಿಮೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಅಲರ್ಜಿ, ಖಿನ್ನತೆ, ಬಿಪಿಯ ಕೆಲವು ಮಾತ್ರೆಗಳು ಉಗುಳು ಕಡಿಮೆ ಮಾಡುತ್ತವೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ನಮ್ಮತ್ತೆಗೆ 81 ವರ್ಷ. "ಎಂಜಲು ಅಳೆಯೋದಾ? ಥೂ!" ಅಂದರು. ಕೊನೆಗೂ ಕೂತರು. ಕಪ್ಪಿನ ತಳ ಒದ್ದೆಯಾಯಿತು, ಅಷ್ಟೆ. ಡಾಕ್ಟರು ಚೀಟಿ ನೋಡಿ ಅಲರ್ಜಿ ಮಾತ್ರೆ ಬದಲಾಯಿಸಿದರು. ಮೂರು ವಾರ ಬಿಟ್ಟು ಅಳೆದರೆ ಒಂದು ಮಿಲಿಗೆ ಹತ್ತಿರ. ಈಗ ಆ ಕಪ್ಪನ್ನು ಯಾರೂ ಮುಟ್ಟುವ ಹಾಗಿಲ್ಲ. ಕ್ಯಾಲೆಂಡರಿನ ಮೊದಲ ತಾರೀಖಿಗೆ ಅವರೇ ಅಳೆದು, ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ.