ಆರ್‌ನಲ್ಲಿ ಕಾಂಪ್ಲೆಕ್ಸ್ ನಂಬರ್ ಬಿಡಿಸೋಕೆ ಹೋಗಿ ಬೇಲೂರಿನ ನಕ್ಷತ್ರ ಸಿಕ್ತು

ಹಾಸನದಲ್ಲಿ ಪಿಯುಸಿ ಹುಡುಗ್ರಿಗೆ ಮ್ಯಾತ್ಸ್ ಟ್ಯೂಷನ್ ಮಾಡ್ತೀನಿ, ಬೋರ್ಡ್ ಮೇಲೆ ಆರ್ಗಾಂಡ್ ಪ್ಲೇನ್ (ಕಾಂಪ್ಲೆಕ್ಸ್ ನಂಬರ್‌ನ ಚುಕ್ಕಿಯಾಗಿ ತೋರಿಸೋ ಗ್ರಾಫ್) ಬರೆದ್ರೆ ನನ್ ಸರ್ಕಲ್ ಯಾವತ್ತೂ ಸೊಟ್ಟ, ಅದ್ಕೇ ಈ ಸಲ ಆರ್ ಅನ್ನೋ ಪ್ರೋಗ್ರಾಮಿಂಗ್ ಲ್ಯಾಂಗ್ವೇಜಲ್ಲೇ ಬಿಡ್ಸೋಣ ಅಂತ ಕೂತೆ.

ಶುರುನಲ್ಲೇ ಎಡವಟ್ಟು. ಮೈನಸ್ 1ರ ಸ್ಕ್ವೇರ್‌ರೂಟ್ ಕೇಳಿದ್ರೆ ನಂಬರೇ ಅಲ್ಲ ಅಂತ ವಾರ್ನಿಂಗ್ ಕೊಡ್ತು, ಆ ಮೈನಸ್ 1ನ ಮೊದ್ಲು ಆಸ್‌.ಕಾಂಪ್ಲೆಕ್ಸ್ (ನಂಬರ್‌ನ ಕಾಂಪ್ಲೆಕ್ಸ್ ಮಾಡೋ ಫಂಕ್ಷನ್) ಒಳಗೆ ಹಾಕಿ ಕೇಳಿದ್ಮೇಲೆ 0+1ಐ ಅಂತು, ಐ ಅಂದ್ರೆ ಆ ಸ್ಕ್ವೇರ್‌ರೂಟೇ. ಬರೀ ಐ ಅಂತ ಟೈಪ್ ಮಾಡಿದ್ರೂ ನಡೆಯಲ್ಲ, 1ಐ ಅಂತ್ಲೇ ಬರೀಬೇಕು.

ಆಮೇಲೆ 1ರ ಐದು ಐದನೇ ಮೂಲ, ಅಂದ್ರೆ ಎಕ್ಸ್‌ನ ಐದನೇ ಘಾತ ಮೈನಸ್ 1 ಸೊನ್ನೆ ಆಗೋ ಎಕ್ಸ್‌ಗಳ್ನ, ಹುಡುಕೋಕೆ ಪಾಲಿರೂಟ್ ಅನ್ನೋ ಫಂಕ್ಷನ್. ಇದಕ್ಕೆ ಕೋಎಫಿಶಿಯೆಂಟ್‌ನ ಕಾನ್‌ಸ್ಟಂಟ್ ಕಡೆಯಿಂದ ಕೊಡ್ಬೇಕು, ಅಂದ್ರೆ -1, 0, 0, 0, 0, 1. ನಾನು ಉಲ್ಟಾ ಕೊಟ್ಟಿದ್ದೆ, ಆದ್ರೂ ಉತ್ತರ ಸರಿಯಾಗೇ ಬಂತು ನೋಡಿ, ಈ ಲೆಕ್ಕದಲ್ಲಿ ಉಲ್ಟಾ ಕೊಟ್ರೂ ಅದೇ ಮೂಲಗಳು! ಎಕ್ಸ್ ಸ್ಕ್ವೇರ್ ಮೈನಸ್ 5ಎಕ್ಸ್ ಪ್ಲಸ್ 6 ಹಾಕ್ದಾಗ 2, 3 ಬರೋ ಬದ್ಲು ಅರ್ಧ, ಮೂರನೇ ಒಂದು ಭಾಗ ಬಂದ್ಮೇಲೇ ಉಲ್ಟಾ ಕೊಟ್ಟಿದ್ದೀನಿ ಅಂತ ಮಂಡೆಗೆ ಹೊಳೆದಿದ್ದು.

ಪ್ಲಾಟ್ ಮಾಡೋದು ಮಾತ್ರ ಬಾಳೆಹಣ್ಣು ಸುಲಿದಂಗೆ. ರಿಯಲ್ ಬೇರೆ, ಇಮ್ಯಾಜಿನರಿ ಬೇರೆ ಮಾಡೋದೇನೂ ಬೇಡ, ಕಾಂಪ್ಲೆಕ್ಸ್ ವೆಕ್ಟರ್‌ನ ಹಂಗೇ ಪ್ಲಾಟ್‌ಗೆ ಕೊಟ್ರೆ ಅದೇ ಅರ್ಥ ಮಾಡ್ಕೊಂಡು ರಿಯಲ್‌ನ ಅಡ್ಡಕ್ಕೆ, ಇಮ್ಯಾಜಿನರಿನ ಉದ್ದಕ್ಕೆ ಹಾಕತ್ತೆ. ಆದ್ರೆ ನನ್ ಯೂನಿಟ್ ಸರ್ಕಲ್ ಕೋಳಿಮೊಟ್ಟೆ ಆಗಿತ್ತು. ಅರ್ಧ ಗಂಟೆ ಫಾರ್ಮುಲಾನೇ ಬೈಕೊಂಡೆ. ತಪ್ಪಿದ್ದಿದ್ದು ವಿಂಡೋದಲ್ಲಿ, ಎರಡು ಆಕ್ಸಿಸ್‌ನ ಅಳತೆ ಬೇರೆ ಬೇರೆ ಆಗಿತ್ತು, ಎಎಸ್‌ಪಿ=1 (ಎರಡು ಅಳತೆನೂ ಒಂದೇ ಇರ್ಲಿ) ಅಂತ ಸೇರಿಸಿದ ತಕ್ಷಣ ದುಂಡಗಾಯ್ತು.

ಹುಡುಗ್ರಿಗೆ ಗುಣಾಕಾರ ಅಂದ್ರೆ ತಿರುಗಿಸೋದು ಅಂತ ತೋರಿಸ್ಬೇಕಿತ್ತಲ್ಲ, ಅದಕ್ಕೆ 1, 1ಐ, -1, -1ಐ, ಮತ್ತೆ 1 ಅಂತ ಒಂದು ಚೌಕ ಮಾಡ್ದೆ, ಎಕ್ಸ್‌ಪ್(1ಐ*ಪೈ/8)ರಿಂದ ಗುಣಿಸಿದ್ರೆ 22.5 ಡಿಗ್ರಿ ತಿರುಗತ್ತೆ, ಹಂಗೆ ಮೂರು ಸಲ ತಿರುಗಿಸಿ ಲೈನ್ಸ್ ಹಾಕಿದ್ರೆ ನಾಲ್ಕು ಚೌಕ ಸೇರಿ ಹದಿನಾರು ಮೂಲೆ ನಕ್ಷತ್ರ. "ಸಾರ್, ಇದು ಬೇಲೂರು ಗುಡಿ ಥರ ಇದೆ" ಅಂದ್ಳು ಒಬ್ಳು. ಹೌದಲ್ವಾ, ಹೊಯ್ಸಳರ ನಕ್ಷತ್ರದ ತಳವಿನ್ಯಾಸನ ಚೌಕ ತಿರುಗಿಸಿನೇ ವಿವರಿಸೋದು. ಈಗ ಒಳಗಿನ ಗೆರೆ ಅಳಿಸಿ ಹೊರಗಿನ ಅಂಚು ಮಾತ್ರ ಉಳಿಸೋದು ಬಾಕಿ, ಅದಿನ್ನೂ ಕೈಗೆ ಸಿಕ್ಕಿಲ್ಲ.