ಹಳೆಯ ಮಿನೋಲ್ಟಾದ ಬೆಳಕುಮಾಪಕವನ್ನು ಸರಿದಾರಿಗೆ ತಂದ ಬಗೆ

ಕೊಪ್ಪಳದಲ್ಲಿ ನಮ್ಮ ತಂದೆಯವರು ನಡೆಸುತ್ತಿದ್ದ ಸ್ಟುಡಿಯೋದ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಮಿನೋಲ್ಟಾ ಎಸ್‌ಆರ್‌ಟಿ 101 ಕ್ಯಾಮೆರಾವನ್ನು ಕಳೆದ ಚಳಿಗಾಲದಲ್ಲಿ ಹೊರತೆಗೆದು, ಮೊದಲ ಕಪ್ಪು-ಬಿಳುಪು ರೋಲನ್ನು ಇಟಗಿಯ ಮಹಾದೇವ ದೇವಾಲಯದಲ್ಲಿ ಮುಗಿಸಿದೆ. 1112ರ ಕಾಲದ ಆ ಗುಡಿಯನ್ನು ಅಲ್ಲಿಯ ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಅದರ ಕಂಬಗಳ ನುಣುಪನ್ನು ಫಿಲ್ಮಿನಲ್ಲಿ ಹಿಡಿಯಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಆದರೆ ರೋಲು ತೊಳೆದು ಒಣಹಾಕಿ ನೋಡಿದರೆ ನೆಗೆಟಿವ್‌ಗಳೆಲ್ಲ ಗಾಜಿನಂತೆ ಪಾರದರ್ಶಕವಾಗಿ ತೆಳ್ಳಗಾಗಿದ್ದವು. ನೆರಳಿನ ಭಾಗದಲ್ಲಿ ಕಲ್ಲಿನ ಕೆತ್ತನೆಯ ಗುರುತೂ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಮೊದಲು ನೋಡಬೇಕಾದದ್ದು ಫಿಲ್ಮಿನ ಅಂಚನ್ನು. ಅಲ್ಲಿಯ ಅಂಕಿ-ಅಕ್ಷರಗಳು ಕಾರ್ಖಾನೆಯಲ್ಲಿಯೇ ಬೆಳಕು ಕಂಡಿರುತ್ತವೆ, ಕ್ಯಾಮೆರಾಕ್ಕೂ ಅವಕ್ಕೂ ಸಂಬಂಧವಿಲ್ಲ. ನನ್ನ ರೋಲಿನಲ್ಲಿ ಅವು ದಟ್ಟವಾಗಿ, ಅಚ್ಚುಕಟ್ಟಾಗಿ ಮೂಡಿದ್ದವು. ಹಾಗಾಗಿ ಫಿಲ್ಮ್ ತೊಳೆಯುವ ದ್ರಾವಣವಾದ ಡೆವಲಪರಿನಲ್ಲಿ ದೋಷವಿಲ್ಲ, ಫಿಲ್ಮಿಗೆ ಬೆಳಕೇ ಸಾಲದೆ ಹೋಗಿದೆ ಎಂಬುದು ಖಚಿತವಾಯಿತು. ಗೋಪುರದ ಹಿಂದಿನ ಆಕಾಶ ಮಾಪಕವನ್ನು ದಾರಿ ತಪ್ಪಿಸಿರಬಹುದೆಂದೂ ಅನುಮಾನಿಸಿದೆ. ಈ ಕ್ಯಾಮೆರಾದ ಪ್ರಿಸಂ ಮೇಲಿರುವ ಎರಡು ಕ್ಯಾಡ್ಮಿಯಂ ಸಲ್ಫೈಡ್ ಕಣ್ಣುಗಳು ಮೇಲಿನ ಆಕಾಶದ ಪ್ರಭಾವವನ್ನು ತಗ್ಗಿಸುವಂತೆ ಜೋಡಣೆಯಾಗಿವೆಯಾದರೂ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದಾಗ ಆ ಜೋಡಣೆ ಕೆಲಸಕ್ಕೆ ಬರುವುದಿಲ್ಲ. ಆದರೆ ಆಕಾಶವೇ ಕಾಣದ ಒಳಾಂಗಣದ ಚಿತ್ರಗಳೂ ತೆಳ್ಳಗಿದ್ದುದರಿಂದ ಆ ಅನುಮಾನವನ್ನು ಬಿಟ್ಟೆ.

ಬಹಳ ಮಂದಿ ಈ ಹಂತದಲ್ಲಿಯೇ ಕ್ಯಾಮೆರಾದ ಮುಚ್ಚಳ ಬಿಚ್ಚಿ, ಮಾಪಕದ ಹೊಂದಾಣಿಕೆಯನ್ನು ತಿರುಗಿಸಲು ಕೂರುತ್ತಾರೆ. ಅದು ತಪ್ಪೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ತಪ್ಪು ಎಷ್ಟಿದೆ ಎಂಬುದಕ್ಕಿಂತ, ಯಾವ ಬೆಳಕಿನಲ್ಲಿ ಎಷ್ಟಿದೆ ಎಂಬುದನ್ನು ಅಳೆಯದೆ ಕಾರಣ ಸಿಗುವುದಿಲ್ಲ. ಅದಕ್ಕಾಗಿ ಬೆಳಕಳೆಯಲು ಬಳಸುವ ಒಂದು ಬೂದು ಕಾರ್ಡನ್ನು ಗೋಡೆಗೆ ಆನಿಸಿ, ನನ್ನ ನೆರಳು ಅದರ ಮೇಲೆ ಬೀಳದಂತೆ ನಿಂತು, ಚೌಕಟ್ಟು ತುಂಬುವಂತೆ ಹಿಡಿದು, ಫೋಕಸನ್ನು ಅನಂತಕ್ಕೆ ತಿರುಗಿಸಿ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗದ ಅಂಕಿ) 100ರಲ್ಲಿ ಡಿಜಿಟಲ್ ಕ್ಯಾಮೆರಾದ ಲೆಕ್ಕದೊಂದಿಗೆ ಹೋಲಿಸಿದೆ. ಬಿಸಿಲಿನಲ್ಲಿ ಡಿಜಿಟಲ್ ಕ್ಯಾಮೆರಾ 1/250 ಸೆಕೆಂಡಿಗೆ ಎಫ್/11 (ಎಫ್ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಕಿಂಡಿ ಕಿರಿದು) ಎಂದರೆ, ಮಿನೋಲ್ಟಾದ ಮಾಪಕದ ಮುಳ್ಳು ಸರಿಯಾದ ಬೆಳಕನ್ನು ಸೂಚಿಸುವ ಉಂಗುರದೊಳಗೆ ಕೂರಲು ಎಫ್/16 ದಾಟಿ ಎಫ್/22ರ ಕಡೆಗೆ ಅರ್ಧ ದಾರಿ ಹೋಗಬೇಕಾಯಿತು. ಅಂದರೆ ಒಂದೂವರೆ ಸ್ಟಾಪಿನ ವ್ಯತ್ಯಾಸ (ಒಂದು ಸ್ಟಾಪೆಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವಷ್ಟು ಅಂತರ). ಪಡಸಾಲೆಯ ನೆರಳಿನಲ್ಲಿ ವ್ಯತ್ಯಾಸ ಒಂದು ಸ್ಟಾಪಿಗೆ ಇಳಿಯಿತು, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅರ್ಧಕ್ಕೆ ಬಂತು.

ಎಲ್ಲ ಬೆಳಕಿನಲ್ಲೂ ತಪ್ಪು ಒಂದೇ ಸಮನಿದ್ದರೆ ಮಾಪಕದ ಹೊಂದಾಣಿಕೆ ಸರಿದಿದೆ ಎನ್ನಬಹುದು. ಬೆಳಕು ಹೆಚ್ಚಿದಂತೆ ತಪ್ಪೂ ಹೆಚ್ಚಿದರೆ ಮೊದಲು ಸಂಶಯಿಸಬೇಕಾದದ್ದು ಸೆಲ್ಲನ್ನು. 1966ರಲ್ಲಿ ಬಂದ ಈ ಕ್ಯಾಮೆರಾವನ್ನು ಪಾದರಸದ 625 ಸೆಲ್ಲಿಗೆ ಹೊಂದಿಸಿ ತಯಾರಿಸಿದ್ದರು. ಆ ಸೆಲ್ಲು ಕೊನೆಯವರೆಗೂ 1.35 ವೋಲ್ಟನ್ನು ಬಿಡದೆ ಕೊಡುತ್ತಿತ್ತು. ಪಾದರಸದ ವಿಷದ ಕಾರಣಕ್ಕೆ ಅವು ಮಾರುಕಟ್ಟೆಯಿಂದ ಮರೆಯಾದ ಮೇಲೆ, ಅದೇ ಅಳತೆಯ ಆಲ್ಕಲೈನ್ ಸೆಲ್ಲನ್ನು ಎಲ್ಲರೂ ಹಾಕತೊಡಗಿದರು, ನಾನೂ ಹಾಕಿದ್ದೆ. ಮಲ್ಟಿಮೀಟರ್ ಹಚ್ಚಿದರೆ ಅದು 1.5 ವೋಲ್ಟಿಗೂ ತುಸು ಮೇಲೆ ತೋರಿಸಿತು. ವೋಲ್ಟೇಜು ಹೆಚ್ಚಾದರೆ ಮುಳ್ಳಿಗೆ ಹರಿಯುವ ಕರೆಂಟು ಹೆಚ್ಚುತ್ತದೆ, ಮುಳ್ಳು ಇಲ್ಲದ ಬೆಳಕನ್ನು ಇದೆಯೆಂದು ತೋರಿಸುತ್ತದೆ. ಪ್ರಖರ ಬೆಳಕಿನಲ್ಲಿ ಒಂದೊಂದು ಸ್ಟಾಪಿಗೆ ಮುಳ್ಳು ಸರಿಯುವ ಅಂತರ ಕಡಿಮೆಯಿರುವುದರಿಂದ ಅಲ್ಲಿ ಇದೇ ಹೆಚ್ಚುವರಿ ಕರೆಂಟು ದೊಡ್ಡ ತಪ್ಪಾಗಿ ಕಾಣುತ್ತದೆ. ಆಲ್ಕಲೈನ್ ಸೆಲ್ಲು ಬಳಸಿದಂತೆಲ್ಲ ವೋಲ್ಟೇಜನ್ನು ಇಳಿಸುತ್ತಲೇ ಹೋಗುವುದರಿಂದ, ಇಂದು ಹಾಕಿಕೊಂಡ ಲೆಕ್ಕ ಎರಡು ತಿಂಗಳ ನಂತರ ನಿಲ್ಲುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು.

ಹೋಲಿಕೆಗಾಗಿ ಕಿವಿಯಂತ್ರಕ್ಕೆ ಹಾಕುವ 675 ಜಿಂಕ್-ಏರ್ ಸೆಲ್ಲನ್ನು ತಂದೆ. ಅದು ಸುಮಾರು 1.4 ವೋಲ್ಟನ್ನು ಸ್ಥಿರವಾಗಿ ಕೊಡುತ್ತದೆ. ಅಗಲ 625ಕ್ಕಿಂತ ಕಡಿಮೆಯಾದ್ದರಿಂದ ನಲ್ಲಿ ಸಾಮಾನಿನ ಅಂಗಡಿಯ ರಬ್ಬರ್ ಉಂಗುರವೊಂದನ್ನು ಸುತ್ತ ಕೂರಿಸಿ, ಗಾಳಿ ಹೋಗುವ ತೂತುಗಳು ಮುಚ್ಚದಂತೆ ನೋಡಿಕೊಂಡೆ. ಆ ತೂತುಗಳ ಮೇಲೆ ಅಂಟಿಸಿರುವ ಚೀಟಿ ಕಿತ್ತ ಮೇಲೆ ಸೆಲ್ಲನ್ನು ಕೆಲವು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಬಿಸಿಲಿನ ತಪ್ಪು ಅರ್ಧ ಸ್ಟಾಪಿನೊಳಗೆ ಬಂತು. ಆದರೆ ಚೀಟಿ ಕಿತ್ತ ಸೆಲ್ಲು ನಮ್ಮ ಭಾಗದ ಬೇಸಿಗೆಯ ಒಣಗಾಳಿಗೆ ಬೇಗ ಒಣಗಿಹೋಗುತ್ತದೆ. ಹಾಗಾಗಿ ಪರೀಕ್ಷೆಗೆ ಇದು ಒಳ್ಳೆಯದು, ದಿನಬಳಕೆಗೆ ಅಲ್ಲ ಎಂದು ತೀರ್ಮಾನಿಸಿದೆ.

ಶಾಶ್ವತ ಪರಿಹಾರವಾಗಿ ಸಿಲ್ವರ್ ಆಕ್ಸೈಡಿನ ಎಸ್‌ಆರ್44 ಸೆಲ್ಲನ್ನು ಆರಿಸಿಕೊಂಡೆ. ಇದರ 1.55 ವೋಲ್ಟು ಹೆಚ್ಚೇ ಆದರೂ ಕದಲುವುದಿಲ್ಲ. ಆದ್ದರಿಂದ ಕೆಳಗಿನ ತಟ್ಟೆ ಬಿಚ್ಚಿ, ಸೆಲ್ಲಿನಿಂದ ಹೊರಡುವ ತಂತಿಗೆ ಒಂದು ಶಾಟ್ಕಿ ಡಯೋಡನ್ನು ಬೆಸುಗೆ ಹಾಕಿಸಿ ಸುಮಾರು 0.2 ವೋಲ್ಟನ್ನು ಇಳಿಸಿಕೊಂಡೆ. ಸೆಲ್ಲು ಕೊಳ್ಳುವಾಗ ಅಂಗಡಿಯವರು ಎಲ್‌ಆರ್44 ಕೊಟ್ಟು, “ಎರಡೂ ಒಂದ ರೀ, ತಗೊಳ್ರಿ” ಎಂದರು. ಅಳತೆ ಒಂದೇ, ಆದರೆ ಎಲ್‌ಆರ್ ಎಂದರೆ ಅದೇ ಆಲ್ಕಲೈನ್. ಬೆನ್ನ ಮೇಲಿನ ಮೊದಲ ಅಕ್ಷರವನ್ನು ಭೂತಗನ್ನಡಿಯಲ್ಲಾದರೂ ನೋಡಿಯೇ ಕೊಳ್ಳಬೇಕು.

ತಳದ ತಟ್ಟೆ ಬಿಚ್ಚಿದಾಗ ಮತ್ತೊಂದು ದೋಷವೂ ಸಿಕ್ಕಿತು. ಸೆಲ್ಲಿನ ಮನೆಯ ತಾಮ್ರದ ಪಟ್ಟಿಯ ಮೇಲೆ ಹಸಿರು ಪುಡಿ ಕಟ್ಟಿತ್ತು, ಮುಚ್ಚಳವನ್ನು ಬೆರಳಿನಿಂದ ತಟ್ಟಿದರೆ ಮುಳ್ಳು ನಡುಗುತ್ತಿತ್ತು. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ವಿನೆಗರಿನಲ್ಲಿ ಅದ್ದಿ ಒರೆಸಿ, ನಂತರ ಸ್ಪಿರಿಟಿನಿಂದ ಶುದ್ಧಮಾಡಿ, ಪಟ್ಟಿಯ ಹೊಳಪು ಬರುವವರೆಗೆ ನಯವಾದ ಉಪ್ಪುಕಾಗದದಿಂದ ಉಜ್ಜಿದೆ. ಆಮೇಲೆ ಮುಳ್ಳು ನಡುಗಲಿಲ್ಲ.

ಮತ್ತೆ ಅದೇ ಕಾರ್ಡು, ಅದೇ ಮೂರು ಬೆಳಕು. ಈ ಬಾರಿ ಮೂರರಲ್ಲೂ ಮಾಪಕ ಮೂರನೇ ಒಂದು ಸ್ಟಾಪಿನಷ್ಟೇ ಕಡಿಮೆ ಬೆಳಕು ಕೊಡಿಸುತ್ತಿತ್ತು. ಒಂದೇ ಸಮನಾದ ತಪ್ಪನ್ನು ಸರಿಪಡಿಸಲು ಮುಚ್ಚಳ ಬಿಚ್ಚುವ ಅಗತ್ಯವಿಲ್ಲ. 400ರ ಫಿಲ್ಮ್ ಹಾಕಿ, ಮಾಪಕ ಅಷ್ಟೇ ಹೆಚ್ಚು ಬೆಳಕು ಕೊಡಿಸುವಂತೆ ಎಎಸ್‌ಎ (ಐಎಸ್‌ಒದ ಹಳೆಯ ಹೆಸರು) ಚಕ್ರವನ್ನು 320ಕ್ಕೆ ಇಟ್ಟೆ. ತಳದ ಸ್ವಿಚ್ಚನ್ನು ಕೆಲಸ ಮುಗಿದೊಡನೆ ಆಫ್ ಮಾಡುತ್ತೇನೆ, ಸೆಲ್ಲು ಹಾಕಿದ ತಾರೀಖನ್ನು ಮುಚ್ಚಳದ ಪಕ್ಕ ಟೇಪಿನ ಮೇಲೆ ಬರೆದಿದ್ದೇನೆ. ಎರಡನೆಯ ರೋಲಿಗೆ ಇಟಗಿಗೇ ಹೋದೆ. ಈ ಸಲದ ನೆಗೆಟಿವಿನಲ್ಲಿ ಕಂಬದ ಕಡೆದ ಬಳೆಗಳು ನೆರಳಿನೊಳಗೂ ಒಂದೊಂದಾಗಿ ಎಣಿಸಲು ಬರುತ್ತವೆ.