ನರ್ಸಿಂಗ್ ಕಾಲೇಜಿನ ಮೇಡಂ, ಸರ್‌ಗಳೇ, ನಿಮ್ಮ ಸಂಶೋಧನೆ ನಿಮ್ಮ ಹೆಸರಲ್ಲೇ ಉಳಿಯಲಿ

ಮೊದಲು ಹೆಸರು ಸರಿ ಮಾಡಿಕೊಳ್ಳಿ. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ಒಂದೇ ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಪಾಟೀಲರು, ಇಬ್ಬರು ಹಿರೇಮಠರು ಸಿಗುತ್ತಾರೆ, ಅಲ್ವಾ? ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಪ್ರೊಫೈಲ್ ಮಾಡಿ ಸುಮ್ನೆ ಬಿಟ್ಟರೆ ಯಾರೋ ಪಾಟೀಲರು ಸಿಮೆಂಟಿನ ಮೇಲೆ ಬರೆದದ್ದೂ ನಿಮ್ಮ ಲೆಕ್ಕಕ್ಕೆ ಬಂದು ಕೂರಬಹುದು. ಸೆಟ್ಟಿಂಗ್ಸ್‌ನಲ್ಲಿ ಲೇಖನ ತಾನಾಗಿಯೇ ಸೇರುವುದನ್ನು ನಿಲ್ಲಿಸಿ, ನಿಮ್ಮನ್ನು ಕೇಳಿಯೇ ಸೇರಿಸುವಂತೆ ಇಡಿ. ಆರ್ಕಿಡ್ (ORCID) ಐಡಿ, ಅಂದರೆ ಸಂಶೋಧಕರ ಗುರುತಿನ ಸಂಖ್ಯೆ, ಮಾಡಿಸಿ. ಉಚಿತ, 16 ಅಂಕಿಯದು, ಕೆಲಸ ಬದಲಾದರೂ ಮದುವೆಯಾಗಿ ಹೆಸರು ಬದಲಾದರೂ ಅದೇ ಇರುತ್ತದೆ. ಕಾಲೇಜಿನ ಇಮೇಲ್ ಜೊತೆಗೆ ಸ್ವಂತ ಇಮೇಲನ್ನೂ ಕೊಡಿ, ಕಾಲೇಜು ಬಿಟ್ಟ ದಿನ ಬಾಗಿಲು ಮುಚ್ಚಬಾರದು.

ಇನ್ನು ವಿಷಯ. ಎಂಎಸ್ಸಿ ಪ್ರಬಂಧಗಳನ್ನು ತೆಗೆದು ನೋಡಿ, ಎಲ್ಲೆಲ್ಲೂ ಸ್ಟ್ರಕ್ಚರ್ಡ್ ಟೀಚಿಂಗ್ ಪ್ರೋಗ್ರಾಂ: ಪಾಠಕ್ಕೆ ಮುಂಚೆ ಒಂದು ಪರೀಕ್ಷೆ, ವಾರ ಬಿಟ್ಟು ಇನ್ನೊಂದು, ಅಂಕ ಜಾಸ್ತಿಯಾಯಿತು, ಮುಗೀತು. ಪಾಠ ಮಾಡಿದರೆ ಅಂಕ ಏರದೆ ಇನ್ನೇನಾಗುತ್ತದೆ? ಅದರ ಬದಲು ವಾರ್ಡಿನಲ್ಲಿ ಏನು ಬದಲಾಯಿತು ಅಂತ ಅಳೆಯಿರಿ. ಪಾಠವಾದ ಮೂರು ತಿಂಗಳ ಮೇಲೂ ಸಿಬ್ಬಂದಿ ಕ್ಯಾಥೆಟರ್ ಮುಟ್ಟುವ ಮುಂಚೆ ಕೈ ತೊಳೀತಾರಾ? ಊರಿನ ವಿಷಯಗಳೂ ಬೇಕಾದಷ್ಟಿವೆ: ಇಳಕಲ್, ಗುಳೇದಗುಡ್ಡದ ನೇಕಾರರ ಬೆನ್ನು ನೋವು, ವಿಜಯಪುರದ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುವವರ ಮೈ ಉರಿ. ಸಮುದಾಯ ಆರೋಗ್ಯದ ಪೋಸ್ಟಿಂಗ್‌ಗೆ ಹೇಗೂ ಹಳ್ಳಿಗೆ ಹೋಗ್ತೀರಿ.

ಎಥಿಕ್ಸ್ ಕಮಿಟಿ ಒಪ್ಪಿಗೆ ಡೇಟಾ ತೆಗೆಯುವ ಮುಂಚೆಯೇ ಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ರೋಗಿಗಳಿಗೆ ಏನಾದರೂ ಮಾಡಿ ಫಲಿತಾಂಶ ನೋಡುವ ಅಧ್ಯಯನವಾದರೆ ಸಿಟಿಆರ್‌ಐನಲ್ಲಿ (ಇಂಥ ಅಧ್ಯಯನಗಳ ದೇಶದ ನೋಂದಣಿ ತಾಣ) ನೋಂದಾಯಿಸಿ. ಅದಕ್ಕೂ ದುಡ್ಡಿಲ್ಲ. ಆದರೆ 2018ರ ಏಪ್ರಿಲ್‌ನಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆ ಮಾತ್ರ ನೋಂದಣಿ, ಆಮೇಲೆ ಹೋದರೆ ತೆಗೆದುಕೊಳ್ಳುವುದಿಲ್ಲ. ಒಳ್ಳೆ ಸಂಶೋಧನಾ ಪತ್ರಿಕೆಗಳು ಈ ನಂಬರ್ ಕೇಳಿಯೇ ಕೇಳುತ್ತವೆ.

ಪತ್ರಿಕೆ ಆರಿಸುವಾಗ ಹುಷಾರು. 'ಮೂರು ದಿನದಲ್ಲಿ ಪಬ್ಲಿಶ್, ಸರ್ಟಿಫಿಕೇಟ್ ಫ್ರೀ' ಅಂತ ವಾಟ್ಸಾಪ್‌ಗೆ ಬರುವುದಕ್ಕೆ ದುಡ್ಡು ಸುರಿಯಬೇಡಿ. ಐಎಸ್‌ಎಸ್‌ಎನ್ ಬರೀ ಪತ್ರಿಕೆಯ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ಸ್ಕೋಪಸ್‌ನಲ್ಲಿದ್ದೇವೆ (ಆಯ್ದ ಸಂಶೋಧನಾ ಪತ್ರಿಕೆಗಳ ಸೂಚಿ ಅದು) ಅಂತ ಪತ್ರಿಕೆಯವರು ಹೇಳಿದರೆ ಸ್ಕೋಪಸ್‌ನ ಸೈಟಿಗೇ ಹೋಗಿ ನೋಡಿ, ಕೆಲವನ್ನು ಅವರು ಕೈಬಿಟ್ಟಿರುತ್ತಾರೆ. ನಂಬಬಹುದಾದ ಪತ್ರಿಕೆಗಳನ್ನು ಹೇಳುತ್ತಿದ್ದ ಯುಜಿಸಿ ಕೇರ್ ಪಟ್ಟಿಯನ್ನು ನಿಲ್ಲಿಸಿರುವುದರಿಂದ ಈಗ ಈ ತಲೆನೋವು ನಿಮ್ಮದೇ.

ವಿದ್ಯಾರ್ಥಿಯ ಪ್ರಬಂಧ ಲೇಖನವಾದರೆ ಮೊದಲ ಹೆಸರು ಸಾಮಾನ್ಯವಾಗಿ ವಿದ್ಯಾರ್ಥಿಯದ್ದೇ ಇರಬೇಕು. ಇದರಲ್ಲಿ ನಾನು ಹಟಮಾರಿ. ಗೈಡ್ ಆಗಿದ್ದಕ್ಕೆ ನಿಮ್ಮ ಹೆಸರು ತಾನಾಗಿ ಬರುವುದಿಲ್ಲ, ಯೋಜನೆಯಲ್ಲೋ ವಿಶ್ಲೇಷಣೆಯಲ್ಲೋ ಕೈ ಹಾಕಿರಬೇಕು, ಕರಡನ್ನು ತಿದ್ದಿರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಕೊಡುವ ಹೊಣೆಯೂ ನಿಮ್ಮದಿರಬೇಕು. ಮರ್ಯಾದೆಗೆ ಅಂತ ಪ್ರಿನ್ಸಿಪಾಲರ ಹೆಸರು ಸೇರಿಸುವುದು ಬೇಡ, ಕೃತಜ್ಞತೆಯ ಸಾಲಿನಲ್ಲಿ ಹಾಕಿ.

ಕೊನೆಗೆ ಒಂದು ಎಕ್ಸೆಲ್ ಹಾಳೆ. ಶೀರ್ಷಿಕೆ, ಪತ್ರಿಕೆ, ವರ್ಷ, ಡಿಒಐ (ಲೇಖನದ ಕಾಯಂ ಗುರುತಿನ ಸಂಖ್ಯೆ), ಎಥಿಕ್ಸ್ ಪತ್ರದ ಸಂಖ್ಯೆ, ಇಷ್ಟು ಕಾಲಂ ಸಾಕು. ಲಿಂಕ್ ಬದಲು ಡಿಒಐ ಬರೆಯಿರಿ, ಪತ್ರಿಕೆಯ ಸೈಟ್ ವಿಳಾಸ ಬದಲಾದರೂ ಅದು ಬದಲಾಗುವುದಿಲ್ಲ. ಪ್ರತಿ ಲೇಖನದ ಪಿಡಿಎಫ್ ಬಂದ ದಿನವೇ ಡ್ರೈವ್‌ಗೆ ಹಾಕಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಕೆಲಸ ಶುರುವಾದಾಗ ಆ ಫೋಲ್ಡರ್ ಲಿಂಕ್ ಕಳಿಸಿದರೆ ಆಯಿತು.